ಎರೆನಾಡಿನ ಆರ್ಕಿಡ್ಡಿಗೆ ಹೊಸ ಕುಂಡ

ಅಮರ್ಜೆಯು ಹರಿಯುವ ಆಳಂದ, ಆ ಅಮರ್ಜೆಯು ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುವ ಅಫಜಲಪುರ, ಕೂಡಿದ ನೀರು ಮುಂದೆ ಹಾಯುವ ಜೇವರ್ಗಿ: ಈ ಮೂರು ತಾಲೂಕುಗಳ ಹೆಸರೆತ್ತಿದೊಡನೆ ಕಣ್ಣಿಗೆ ಕಟ್ಟುವುದು ತೊಗರಿಯ ಹೊಲಗಳು, ಬಿರುಕುಬಿಟ್ಟ ಎರೆಭೂಮಿ, ವೈಶಾಖದ ಪ್ರಖರವಾದ ಬಿಸಿಲು, ಆರ್ಕಿಡ್ಡಿನಂತಹ ಸುಕುಮಾರ ಪುಷ್ಪದ ನೆನಪು ಆ ಸಾಲಿನಲ್ಲಿ ಬರುವುದಿಲ್ಲ. ಆದರೂ ಕಲಬುರಗಿ, ಸೋಲಾಪುರ, ಹೈದರಾಬಾದು, ಬೆಂಗಳೂರುಗಳ ನರ್ಸರಿಗಳಿಂದ, ಗೃಹಪ್ರವೇಶದ ಉಡುಗೊರೆಯಾಗಿಯೋ ಮಗಳು ಅಳಿಯಂದಿರು ಊರಿಗೆ ಬರುವಾಗ ತಂದ ಕಾಣಿಕೆಯಾಗಿಯೋ, ಈ ಹೂಗಿಡವು ಇಂದು ಇಲ್ಲಿಯ ಪಡಸಾಲೆಗಳನ್ನೂ ಪ್ರವೇಶಿಸಿದೆ. ಬಂದ ಹೊಸದರಲ್ಲಿ ಎರಡು ಮೂರು ತಿಂಗಳು ಬಾಡದ ಹೂವನ್ನು ಹೊತ್ತು ಮನೆಮಂದಿಯ ಕಣ್ಮಣಿಯಾಗಿದ್ದ ಗಿಡವು, ಹೂವುದುರಿದ ತರುವಾಯ ಮಂಕಾಗಿ, ಎಲೆ ಸುಕ್ಕುಗಟ್ಟಿ, ಮುಂದಿನ ಬೇಸಿಗೆಯನ್ನು ದಾಟಲಾರದೆ ಹೋದಾಗ, ಇದು ನಮ್ಮ ಸೀಮೆಯ ಹವೆಗೆ ಹೇಳಿದ್ದಲ್ಲವೆಂದು ಜನರು ನಿರ್ಣಯಿಸಿಬಿಡುತ್ತಾರೆ. ಬಿಸಿಲಿನ ಮೇಲೆ ಹೊರಿಸಿದ ಈ ಅಪರಾಧದಲ್ಲಿ ಬಹುಭಾಗವು ವಾಸ್ತವವಾಗಿ ಕುಂಡದ್ದು. ಗಿಡವನ್ನು ಯಾವ ಕಾಲದಲ್ಲಿ, ಯಾವ ಪದಾರ್ಥಗಳ ನಡುವೆ, ಹೇಗೆ ಸ್ಥಳಾಂತರಿಸಬೇಕೆಂಬುದನ್ನೂ, ಸ್ಥಳಾಂತರದ ನಂತರ ಅದಕ್ಕೆ ಕುಂಡದೊಳಗಣ ನೀರಿಗಿಂತ ಮುಖ್ಯವಾಗಿ ಬೇಕಾದುದು ಏನೆಂಬುದನ್ನೂ ಅರಿತವರು ಎರೆನಾಡಿನಲ್ಲಿಯೂ ಇದನ್ನು ವರ್ಷವರ್ಷವೂ ಹೂಬಿಡಿಸಬಲ್ಲರೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಮೊದಲು ಗಿಡದ ಸ್ವಭಾವವನ್ನು ಅರಿಯಬೇಕು. ಆರ್ಕಿಡ್ ಕುಲದಲ್ಲಿ ನೆಲದೊಳಗೆ ಬೇರುಬಿಡುವ ಜಾತಿಗಳು ಇಲ್ಲದಿಲ್ಲ. ಆದರೆ ನಾವು ಹೂವಿಗಾಗಿ ಕೊಂಡು ತರುವ ಫೆಲನಾಪ್ಸಿಸ್, ಡೆಂಡ್ರೋಬಿಯಂ, ವಂಡಾ, ಕ್ಯಾಟ್ಲಿಯಾ ಮೊದಲಾದವು ಬಹುಮಟ್ಟಿಗೆ ವೃಕ್ಷವಾಸಿಗಳು. ಮಲೆನಾಡಿನಲ್ಲಿ ಮಳೆಗಾಲದ ಮೊದಲಲ್ಲಿ ಕೊಂಬೆಗಳಿಂದ ನೇರಿಳೆಬಣ್ಣದ ಜಡೆಯಂತೆ ಇಳಿಬೀಳುವ ಸೀತಾಳೆ ದಂಡೆಯೂ ಇವುಗಳ ಬಂಧುವೇ. ಮರದ ಮೇಲೆ ಬೆಳೆಯುವುದನ್ನು ಕಂಡು ಇವನ್ನು ಬದನಿಕೆಯೊಡನೆ ಸೇರಿಸುವವರುಂಟು, ಅದು ಅನ್ಯಾಯ. ಬದನಿಕೆಯು ಆಶ್ರಯವಿತ್ತ ಮರದ ರಸವನ್ನೇ ಹೀರುತ್ತದೆ. ಆರ್ಕಿಡ್ಡಾದರೋ ತೊಗಟೆಯನ್ನು ಹಿಡಿದು ನಿಲ್ಲುವುದಷ್ಟೇ ಹೊರತು ಮರದಿಂದ ಏನನ್ನೂ ಕೇಳುವುದಿಲ್ಲ. ಕೊಂಬೆಯ ಮೇಲೆ ಹರಿದುಹೋಗುವ ಮಳೆನೀರು, ಅದರೊಡನೆ ಬರುವ ತರಗು ಧೂಳುಗಳ ಸಾರ, ಸುತ್ತಣ ಗಾಳಿಯ ತೇವ, ಇವೇ ಅದರ ಜೀವನೋಪಾಯ. ಇದಕ್ಕೆ ತಕ್ಕಂತೆ ಅದರ ಬೇರಿನ ರಚನೆಯೂ ವಿಶಿಷ್ಟವಾದುದು. ತಂತಿಯಷ್ಟು ತೆಳುವಾದ ಜೀವಂತ ನಾಳದ ಸುತ್ತ ವೆಲಾಮೆನ್ ಎಂಬ, ನಿರ್ಜೀವ ಕೋಶಗಳಿಂದಾದ ದಪ್ಪನೆಯ ಹೊದಿಕೆಯಿರುತ್ತದೆ. ಒಣಗಿದಾಗ ಬೆಳ್ಳಗೆ ತೋರುವ ಆ ಹೊದಿಕೆ, ನೀರು ಸೋಕಿದೊಡನೆ ಒಣಹತ್ತಿಯಂತೆ ಅದನ್ನು ಹೀರಿಕೊಂಡು ಪಾರದರ್ಶಕವಾಗಿ, ಒಳಗಿನ ಹಸುರನ್ನು ಹೊರಗೆ ತೋರಿಸುತ್ತದೆ. ಕ್ಷಣಾರ್ಧದಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳಬೇಕು, ಅನಂತರ ಗಾಳಿಯಲ್ಲಿ ಒಣಗಬೇಕು, ಮತ್ತೆ ನೆನೆಯಬೇಕು: ಈ ಪರ್ಯಾಯಕ್ಕಾಗಿ ಹುಟ್ಟಿದ ಬೇರು ಅದು.

ಅಂತಹ ಬೇರನ್ನು ಒಯ್ದು ಎರೆಮಣ್ಣಿನಲ್ಲಿ ಹೂತರೆ ಆಗುವುದೇನು? ತೊಗರಿಗೂ ಜೋಳಕ್ಕೂ ಅಮೃತಪ್ರಾಯವಾದ ಈ ಮಣ್ಣು ಅತಿಸೂಕ್ಷ್ಮವಾದ ಜೇಡಿಯ ಕಣಗಳಿಂದಾದುದು. ನೆನೆದಾಗ ಉಬ್ಬಿ ತನ್ನೊಳಗಿನ ಗಾಳಿಯನ್ನೆಲ್ಲ ಹೊರದೂಡುತ್ತದೆ, ಒಣಗಿದಾಗ ಕುಗ್ಗಿ ಸೀಳುತ್ತದೆ. ಮೊದಲನೆಯದರಿಂದ ಆರ್ಕಿಡ್ಡಿನ ಬೇರು ಉಸಿರುಕಟ್ಟಿ ಕೊಳೆಯುತ್ತದೆ, ಎರಡನೆಯದರಿಂದ ಹರಿಯುತ್ತದೆ. ನಮ್ಮ ಊರುಗಳಲ್ಲಿ ಅತ್ಯಂತ ಅಕ್ಕರೆಯಿಂದ, ಹೊಲದ ಒಳ್ಳೆಯ ಮಣ್ಣನ್ನೇ ತಂದು, ಹಟ್ಟಿಗೊಬ್ಬರವನ್ನೂ ಬೆರೆಸಿ ನೆಟ್ಟ ಆರ್ಕಿಡ್ಡುಗಳು ತಿಂಗಳೊಪ್ಪತ್ತಿನಲ್ಲಿ ಅಳಿಯುವುದಕ್ಕೆ ಕಾರಣವಿದೇ. ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ಗಾಳಿಯಲ್ಲಿ ಕೊರತೆಯಿತ್ತು.

ಈ ಪಾಠವನ್ನು ಜಗತ್ತು ಕಲಿತದ್ದೂ ಅಪಾರ ನಷ್ಟದ ಮೇಲೆಯೇ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಉಷ್ಣವಲಯದ ಅರಣ್ಯಗಳಿಂದ ಹಡಗು ತುಂಬ ಸಾಗಿಸಿದ ಆರ್ಕಿಡ್ಡುಗಳನ್ನು ಇಂಗ್ಲೆಂಡಿನ ತೋಟಗಾರರು ಗಾಳಿಯಾಡದ, ಹಬೆ ತುಂಬಿದ ಗಾಜಿನ ಮನೆಗಳಲ್ಲಿಟ್ಟು ಸಾವಿರಗಟ್ಟಲೆಯಾಗಿ ಕಳೆದುಕೊಂಡರು. ಚಾಟ್ಸ್‌ವರ್ತಿನ ಅರಮನೆಯ ಉದ್ಯಾನಾಧಿಕಾರಿಯಾಗಿದ್ದ ಜೋಸೆಫ್ ಪ್ಯಾಕ್ಸ್ಟನ್ನನು, ತನ್ನ ಒಡೆಯನಾದ ಡೆವನ್‌ಷೈರಿನ ಡ್ಯೂಕನ ಪರವಾಗಿ 1835ರಲ್ಲಿ ಜಾನ್ ಗಿಬ್ಸನ್ ಎಂಬ ತೋಟಗಾರನು ಭಾರತಕ್ಕೆ ಹೊರಟು ಖಾಸಿ ಬೆಟ್ಟಗಳಿಂದ ಕೊಂಡೊಯ್ದ ಗಿಡಗಳನ್ನು ಸಾಕುವಾಗ, ಉಷ್ಣವನ್ನು ಇಳಿಸಿ, ಕಿಟಕಿಗಳನ್ನು ತೆರೆದು, ನೆಲವನ್ನು ಮಾತ್ರ ತೇವವಾಗಿಟ್ಟು ಯಶಸ್ವಿಯಾದನು. ತೇವವು ಗಾಳಿಯಲ್ಲಿರಬೇಕು, ಆ ಗಾಳಿಯು ಚಲಿಸುತ್ತಿರಬೇಕು. ಭೀಮಾತೀರದ ಪಡಸಾಲೆಗೆ ಬೇಕಾದ ಸೂತ್ರವೂ ಇದಕ್ಕಿಂತ ಬೇರೆಯಲ್ಲ.

ನಮ್ಮ ಬಯಲುಸೀಮೆಯು ಈ ಕುಲಕ್ಕೆ ಸಂಪೂರ್ಣ ಪರಕೀಯವೆಂದೂ ತಿಳಿಯಬಾರದು. ರಾಕ್ಸ್‌ಬರೋ ಎಂಬ ಸಸ್ಯಶಾಸ್ತ್ರಜ್ಞನು ಕೋರಮಂಡಲದ ಸಸ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ 1795ರಷ್ಟು ಹಿಂದೆಯೇ ವರ್ಣಿಸಿದ ವಂಡಾ ಟೆಸೆಲೇಟಾ ಎಂಬ ಜಾತಿಯು, ಕಂದುಗೆರೆಗಳ ಬಲೆಯಂತಹ ಎಸಳುಗಳನ್ನೂ ನೇರಿಳೆಯ ತುಟಿಯನ್ನೂ ಹೊತ್ತು, ಭಾರತದ ಒಣ ಬಯಲುಗಳ ಮರಗಳ ಮೇಲೆ ಬೇಸಿಗೆಯನ್ನು ಸಹಿಸಿಕೊಂಡೇ ಬದುಕುತ್ತದೆ. ಆದರೆ ಅಂಗಡಿಯಿಂದ ಬರುವ ಫೆಲನಾಪ್ಸಿಸ್ಸಿನ ಪೂರ್ವಜರು ಆಗ್ನೇಯ ಏಷ್ಯದ ಮಳೆಕಾಡಿನವರು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಲ್ಲಿ ಇಂಥ ಗಿಡವನ್ನು ಅಡಕೆಯ ಮರಕ್ಕೆ ಕಟ್ಟಿ ಮರೆತುಬಿಟ್ಟರೂ ನಡೆದೀತು. ಸುಮಾರು 750 ಮಿಲಿಮೀಟರಿನ, ಚೈತ್ರ ವೈಶಾಖಗಳಲ್ಲಿ 40 ಡಿಗ್ರಿಯನ್ನು ಮೀರುವ, ಮಧ್ಯಾಹ್ನದ ಹೊತ್ತಿಗೆ ಗಾಳಿಯ ಆರ್ದ್ರತೆಯು ಶೇಕಡಾ 30ಕ್ಕಿಂತಲೂ ಕೆಳಗಿಳಿಯುವ ಕಲಬುರಗಿ ಜಿಲ್ಲೆಯಲ್ಲಿ ನಡೆಯದು.

ಈ ಗಿಡಗಳಿಗೆ ಕುಂಡವನ್ನು ಬದಲಿಸಲೇಬೇಕಾದ ಸಂದರ್ಭವು ಯಾವುದು? ಬೇರಿಗೆ ಆಸರೆಯಾಗಿ ತುಂಬಿದ ತೊಗಟೆಯ ಚೂರಾಗಲಿ ತೆಂಗಿನ ಸಿಪ್ಪೆಯಾಗಲಿ ಎರಡು ಮೂರು ವರ್ಷಗಳಲ್ಲಿ ಶಿಥಿಲವಾಗಿ ಪುಡಿಯಾಗುತ್ತದೆ. ಆ ಪುಡಿಯು ಸಂದುಗಳನ್ನು ಮುಚ್ಚುತ್ತದೆ. ಮಣ್ಣಿನಲ್ಲಿ ನೆಟ್ಟಾಗ ಆಗುವ ಅನಾಹುತವೇ ಆಗ ಮೆಲ್ಲನೆ ಸಂಭವಿಸುತ್ತದೆ. ಕುಂಡದಿಂದ ಮುಗ್ಗುಲುನಾತ ಬಂದರೆ, ನೀರೆರೆದರೂ ಎಲೆಗಳು ಸುಕ್ಕಾಗಿಯೇ ಉಳಿದರೆ, ಗಿಡವನ್ನು ಮೆಲ್ಲನೆ ಅಲುಗಿಸಿದಾಗ ಬುಡವೇ ಸಡಿಲವಾಗಿ ತೂಗಿದರೆ, ಒಳಗೆ ಬೇರುಗಳು ಅಳಿಯುತ್ತಿವೆಯೆಂದು ತಿಳಿಯತಕ್ಕದ್ದು. ಸುಕ್ಕಾದ ಎಲೆಯನ್ನು ಕಂಡು ಬಾಯಾರಿದೆಯೆಂದು ಬಗೆದು ಇನ್ನಷ್ಟು ನೀರು ಸುರಿಯುವುದು ಸಾಮಾನ್ಯವಾದ ಪ್ರಮಾದ. ಕುಡಿಯುವ ಬೇರೇ ಇಲ್ಲದ ಗಿಡಕ್ಕೆ ನೀರಿನಿಂದ ಫಲವೇನು? ಹೊಸದಾಗಿ ಕೊಂಡ ಫೆಲನಾಪ್ಸಿಸ್ಸಿನಲ್ಲಂತೂ ಮತ್ತೊಂದು ಗುಪ್ತಶತ್ರು ಇರುತ್ತದೆ. ಎಳೆಯ ಸಸಿಯಾಗಿದ್ದಾಗ ಅದನ್ನು ಸ್ಫ್ಯಾಗ್ನಮ್ ಪಾಚಿಯ ಸಣ್ಣ ಉಂಡೆಯಲ್ಲಿ ಬೆಳೆಸಿ, ತರುವಾಯ ಆ ಉಂಡೆಯ ಸಮೇತ ದೊಡ್ಡ ಕುಂಡಕ್ಕೆ ಇಳಿಸಿರುತ್ತಾರೆ. ಮೇಲಣ ತೊಗಟೆಯೆಲ್ಲ ಒಣಗಿದಂತೆ ತೋರುತ್ತಿದ್ದರೂ ನಡುವಿನ ಆ ಉಂಡೆಯು ವಾರಗಟ್ಟಲೆ ಒದ್ದೆಯಾಗಿಯೇ ಇದ್ದು, ಕಾಂಡದ ಬುಡವನ್ನೇ ಕೊಳೆಸುತ್ತದೆ.

ಕಾಲದ ವಿಚಾರದಲ್ಲಿ ಗಿಡದೊಡನೆ ಬಂದ ಚೀಟಿಗಿಂತ ನಮ್ಮ ರೈತರ ಮಳೆನಕ್ಷತ್ರಗಳೇ ಹೆಚ್ಚು ಪ್ರಮಾಣವೆಂಬುದು ನನ್ನ ದೃಢವಾದ ಅಭಿಪ್ರಾಯ. ಫೆಲನಾಪ್ಸಿಸ್ಸನ್ನು ಹೂ ಮುಗಿದೊಡನೆ ಸ್ಥಳಾಂತರಿಸಬೇಕೆಂದು ಪುಸ್ತಕಗಳು ಹೇಳುತ್ತವೆ. ಚಳಿಗಾಲದಲ್ಲಿ ಅರಳಿದ ಹೂವು ನಮ್ಮಲ್ಲಿ ಉದುರುವುದು ಏಪ್ರಿಲ್ ಹೊತ್ತಿಗೆ. ಆಗ ಬೇರು ಕತ್ತರಿಸಿಕೊಂಡ ಗಿಡವೊಂದನ್ನು ಆ ಬೆಂಕಿಯಂಥ ಗಾಳಿಗೆ ಒಡ್ಡುವುದು ನಿರ್ದಯವಾದ ಕೆಲಸ. ಬೇರು ಕೊಳೆಯುತ್ತಿಲ್ಲವೆಂದಾದರೆ ಮಿರಗದ ಮಳೆಯವರೆಗೆ ಕಾಯಬೇಕು. ಜೂನ್ ಎರಡನೆಯ ವಾರದಿಂದ ಮೃಗಶಿರ, ಆರಿದ್ರ, ಪುನರ್ವಸುಗಳು ಸರಿಯುತ್ತಿದ್ದಂತೆ, ಹೊಲದಲ್ಲಿ ತೊಗರಿಯ ಬಿತ್ತನೆ ನಡೆಯುವ ಆ ದಿನಗಳಲ್ಲಿಯೇ ಗಾಳಿಯು ತೇವಗೊಂಡು, ಉಷ್ಣವು ಇಳಿದು, ಆರ್ಕಿಡ್ಡಿನ ಬುಡದಲ್ಲಿ ಹಸುರು ಅಥವಾ ಕೆಂಪುಮಿಶ್ರಿತ ತುದಿಯ ಹೊಸ ಬೇರುಗಳು ಇಣುಕತೊಡಗುತ್ತವೆ. ಅದೇ ಸುಮುಹೂರ್ತ. ಹೊಸ ಬೇರು ಅರ್ಧ ಅಂಗುಲವಾಗುವ ಮೊದಲೇ ಕೆಲಸವನ್ನು ಮುಗಿಸಿದರೆ ಅದು ನೇರವಾಗಿ ಹೊಸ ನೆಲೆಯೊಳಕ್ಕೇ ಇಳಿಯುತ್ತದೆ. ತಡಮಾಡಿದರೆ ಆ ಎಳೆಯ ತುದಿಯು ಕೈತಾಗಿದರೂ ಮುರಿಯುವಷ್ಟು ಕೋಮಲವಾಗಿರುತ್ತದೆ. ಪುಷ್ಯದ ಮಳೆಯ ನಂತರವೂ ಸಮಯವುಂಟು. ದೀಪಾವಳಿ ಕಳೆದು ರಾತ್ರಿಗಳು ತಣ್ಣಗಾದ ಮೇಲೆ ಬೇಡ. ಕೊಳೆತವು ಕಂಡಲ್ಲಿ ಮಾತ್ರ ಯಾವ ನಕ್ಷತ್ರವನ್ನೂ ಕಾಯದೆ, ಅಂದೇ ಗಿಡವನ್ನು ಹೊರತೆಗೆಯಬೇಕು.

ಬೇಕಾದ ಸಾಮಗ್ರಿಯು ಇಲ್ಲಿ ದುರ್ಲಭವಲ್ಲ. ಜಾಲಿಯ ಇದ್ದಿಲು, ಹಳೆಯ ಇಟ್ಟಿಗೆ ಅಥವಾ ಹೆಂಚಿನ ಚೂರು, ತೆಂಗಿನ ಸಿಪ್ಪೆಯ ತುಂಡು: ಇವು ಮೂರು ಸಾಕು. ಕರಾವಳಿಯಲ್ಲಿ ಇದ್ದಿಲು ಹೆಂಚುಗಳಷ್ಟರಲ್ಲಿಯೇ ಬೆಳೆಸುವ ಪದ್ಧತಿಯುಂಟು. ನಮ್ಮ ಒಣಗಾಳಿಯಲ್ಲಿ ಅವೆರಡೇ ಇದ್ದರೆ ಬೆಳಗಿನ ನೀರು ಮಧ್ಯಾಹ್ನಕ್ಕೆ ಉಳಿಯದಾದುದರಿಂದ ಸಿಪ್ಪೆಯ ಪ್ರಮಾಣವನ್ನು ತುಸು ಹೆಚ್ಚಿಸುವುದು ಯುಕ್ತ. ಸಿಪ್ಪೆಯನ್ನು ಹೆಬ್ಬೆಟ್ಟಿನ ಉಗುರಿನಷ್ಟು ತುಂಡುಮಾಡಿ, ಎರಡು ಮೂರು ದಿನ ನೀರಿನಲ್ಲಿ ನೆನೆಹಾಕಿ, ಪ್ರತಿದಿನವೂ ಆ ಕಂದುನೀರನ್ನು ಚೆಲ್ಲಿ ಹೊಸ ನೀರು ಹಾಕಬೇಕು. ಅದರಲ್ಲಿ ಅಡಗಿದ ಲವಣವೂ ಒಗರೂ ಹೀಗೆ ಹೋಗುತ್ತವೆ. ಇದ್ದಿಲನ್ನು ಪುಡಿ ಉಳಿಯದಂತೆ ತೊಳೆಯಬೇಕು. ಕುಂಡವು ಮಣ್ಣಿನದಾದರೆ ಲೇಸು, ಪಕ್ಕಗಳಲ್ಲಿ ರಂಧ್ರಗಳಿದ್ದರೆ ಇನ್ನೂ ಲೇಸು. ಕುಂಬಾರರಿಗೆ ಹೇಳಿ ಮಾಡಿಸಿಕೊಳ್ಳಬಹುದು. ಗಾತ್ರದಲ್ಲಿ ಔದಾರ್ಯವು ಸಲ್ಲದು. ಬೇರಿನ ಗೊಂಚಲು ಹಿಡಿಸುವಷ್ಟು ಕುಂಡವಿದ್ದರೆ ಸಾಕು. ದೊಡ್ಡ ಕುಂಡದಲ್ಲಿ ಬೇರು ತಲುಪದ ಭಾಗವೆಲ್ಲ ತೇವದ ಉಗ್ರಾಣವಾಗಿ ಕೊಳೆತಕ್ಕೆ ದಾರಿಮಾಡುತ್ತದೆ.

ಇನ್ನು ಕಾರ್ಯಕ್ರಮ. ಹಿಂದಿನ ದಿನವೇ ಗಿಡಕ್ಕೆ ಚೆನ್ನಾಗಿ ನೀರೆರೆದಿದ್ದರೆ ಒಣಬೇರಿನ ಬಿರುಸು ಹೋಗಿ, ಅದು ಬಾಗುವಷ್ಟು ಮೃದುವಾಗಿರುತ್ತದೆ. ಪ್ಲಾಸ್ಟಿಕ್ ಕುಂಡವನ್ನು ಅಂಗೈಗಳ ನಡುವೆ ಒತ್ತಿ ಉರುಳಿಸಿದರೆ ಗೋಡೆಗಂಟಿದ ಬೇರುಗಳು ಬಿಡುತ್ತವೆ. ಬಿಡದಿದ್ದಲ್ಲಿ ಎಳೆಯದೆ ಕುಂಡವನ್ನೇ ಕತ್ತರಿಸಬೇಕು. ಹಳೆಯ ತೊಗಟೆಯನ್ನು ಬೆರಳಿನಿಂದ ಬಿಡಿಸುತ್ತಾ ಹೋದಾಗ ನಡುವೆ ಆ ಪಾಚಿಯ ಉಂಡೆಯು ಸಿಗುತ್ತದೆ. ನೀರಿನ ಬಟ್ಟಲಿನಲ್ಲಿ ಅದ್ದಿ, ಮೊಂಡಾದ ಕಡ್ಡಿಯಿಂದ ಎಳೆಎಳೆಯಾಗಿ ಕೀಳುತ್ತಿದ್ದಂತೆ, ಅದರೊಳಗೆ ಹೂತುಹೋಗಿದ್ದ ಬೇರುಗಳು ಒಂದೊಂದಾಗಿ ಹೊರಬಂದು ತಮ್ಮ ನಿಜಸ್ಥಿತಿಯನ್ನು ತೋರಿಸುತ್ತವೆ: ಜೀವಂತವಾದುದು ಬಿಳುಪಾಗಿಯೋ ಹಸುರಾಗಿಯೋ ಬೆರಳಿಗೆ ಗಟ್ಟಿಯಾಗಿ ತಾಗುತ್ತದೆ, ಕೊಳೆತುದು ಕಂದಾಗಿ, ಹಿಸುಕಿದರೆ ನೀರು ಬಿಟ್ಟು ಚಪ್ಪಟೆಯಾಗಿ, ಹೊರಗಿನ ಒರೆಯು ಕಳಚಿ ಒಳಗಿನ ನಾರೊಂದೇ ಕೈಯಲ್ಲಿ ಉಳಿಯುತ್ತದೆ. ಬಣ್ಣವೊಂದನ್ನೇ ನಂಬಬಾರದು, ಬೆಳಕು ಕಾಣದ ಒಳ್ಳೆಯ ಬೇರೂ ಹಳದಿಯಾಗಿರುವುದುಂಟು. ಬೆರಳಿನ ಸಾಕ್ಷ್ಯವೇ ಇಲ್ಲಿ ಅಂತಿಮ. ಕತ್ತರಿಯನ್ನು ಉರಿಯಲ್ಲಿ ಕಾಯಿಸಿ ಆರಿಸಿ, ಸತ್ತುದನ್ನೆಲ್ಲ ಜೀವಂತ ಭಾಗದವರೆಗೆ ಕತ್ತರಿಸಬೇಕು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಮತ್ತೆ ಕಾಯಿಸಬೇಕು, ಏಕೆಂದರೆ ಆರ್ಕಿಡ್ಡಿನ ವೈರಸ್ ರೋಗಗಳು ಕತ್ತರಿಯ ಅಲಗಿನ ಮೂಲಕವೇ ಹರಡುತ್ತವೆ, ಅವಕ್ಕೆ ಚಿಕಿತ್ಸೆಯಿಲ್ಲ. ಅನಂತರ ಗಿಡವನ್ನು ನೆರಳಿನಲ್ಲಿ ಒಂದು ಹಗಲು ಹಾಗೆಯೇ ಬಿಟ್ಟರೆ ಗಾಯದ ಮುಖಗಳು ಒಣಗುತ್ತವೆ.

ಕುಂಡದ ತಳಕ್ಕೆ ದಪ್ಪ ಹೆಂಚಿನ ಚೂರುಗಳನ್ನಿಟ್ಟು, ಬೇರುಗಳನ್ನು ಸುರುಳಿಯಾಗಿ ಇಳಿಸಿ, ಎಲೆಗಳು ಹೊರಡುವ ಬುಡವು ಕುಂಡದ ಅಂಚಿನ ಮಟ್ಟಕ್ಕೆ ಬರುವಂತೆ ಹಿಡಿದು, ಇದ್ದಿಲು ಸಿಪ್ಪೆಗಳನ್ನು ಸುತ್ತಲೂ ತುಂಬಿ, ಕುಂಡವನ್ನು ನೆಲಕ್ಕೆ ಮೆಲ್ಲನೆ ತಟ್ಟಿ ಕೂಡಿಸಬೇಕು. ಬುಡವನ್ನು ಹೂಳಬಾರದು. ಗಿಡವು ಅಲುಗದಂತೆ ಕಡ್ಡಿಯೊಂದಕ್ಕೆ ಕಟ್ಟಲೇಬೇಕೆಂಬುದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಗಾಳಿಗೆ ತೂಗುವ ಗಿಡದ ಹೊಸ ಬೇರಿನ ತುದಿಯು ಇದ್ದಿಲಿಗೆ ಉಜ್ಜಿ ಉಜ್ಜಿ ಸಾಯುತ್ತದೆ. ಡೆಂಡ್ರೋಬಿಯಂ ಇಕ್ಕಟ್ಟನ್ನು ಮೆಚ್ಚುವ ಗಿಡ. ಅದನ್ನು ಪಾಲುಮಾಡುವುದಾದರೆ ಒಂದೊಂದು ಪಾಲಿಗೂ ಮೂರು ನಾಲ್ಕು ದಂಟುಗಳಾದರೂ ಉಳಿಯಬೇಕು, ಎಲೆಯಿಲ್ಲದ ಹಳೆಯ ದಂಟುಗಳೂ ಆಹಾರದ ಸಂಚಯಗಳಾದುದರಿಂದ ಅವನ್ನು ಒಣಕಲೆಂದು ಎಸೆಯಬಾರದು. ವಂಡಾದ ಬೇರುಗಳನ್ನು ಬುಟ್ಟಿಯಿಂದ ಬಿಡಿಸುವ ಗೋಜಿಗೇ ಹೋಗದೆ, ಹಳೆಯ ಬುಟ್ಟಿಯನ್ನು ಇಡಿಯಾಗಿ ದೊಡ್ಡ ಬುಟ್ಟಿಯೊಳಗೆ ಕೂರಿಸಿದರಾಯಿತು.

ಸ್ಥಳಾಂತರದ ನಂತರದ ಮೂರು ನಾಲ್ಕು ವಾರಗಳಲ್ಲಿಯೇ ಗಿಡದ ಭವಿಷ್ಯವು ನಿಶ್ಚಿತವಾಗುತ್ತದೆ. ಕುಂಡದ ಒಳಗೆ ನೀರು ಕಡಿಮೆ, ಕುಂಡದ ಸುತ್ತ ತೇವ ಹೆಚ್ಚು: ಶುಶ್ರೂಷೆಯ ಸಾರವೆಲ್ಲ ಇಷ್ಟೇ. ಬೇರು ಕತ್ತರಿಸಲ್ಪಟ್ಟ ಗಿಡಕ್ಕೆ ಕುಡಿಯುವ ಶಕ್ತಿಯು ಕುಂದಿರುತ್ತದೆ, ಆದರೆ ಎಲೆಗಳ ಮೂಲಕ ನೀರು ಹೋಗುವುದು ನಿಂತಿರುವುದಿಲ್ಲ. ಆ ವ್ಯಯವನ್ನು ತಗ್ಗಿಸುವುದೇ ನಮ್ಮ ಕರ್ತವ್ಯ. ಆದುದರಿಂದ ಮೊದಲ ನಾಲ್ಕೈದು ದಿನ ಕುಂಡಕ್ಕೆ ನೀರೆರೆಯದೆ, ಉತ್ತರದ ಪಡಸಾಲೆಯಲ್ಲೋ ಬೇವಿನ ದಟ್ಟ ನೆರಳಿನಲ್ಲೋ ಅದನ್ನಿಟ್ಟು, ಅಗಲವಾದ ತಟ್ಟೆಯಲ್ಲಿ ಮರಳು ತುಂಬಿ ನೆನೆಸಿ, ಕುಂಡದ ತಳವು ನೀರಿಗೆ ತಾಗದಂತೆ ಅದರ ಮೇಲೆ ಇಟ್ಟಿಗೆಯಿಟ್ಟು ಕೂಡಿಸಬೇಕು. ಬೆಳಗಿನ ಹೊತ್ತು ಎಲೆಗಳ ಮೇಲೆ ಸೂಕ್ಷ್ಮವಾಗಿ ನೀರು ಸಿಂಪಡಿಸಬಹುದು. ನಡುವಿನ ಸುಳಿಯಲ್ಲಿ ಹನಿ ನಿಂತರೆ ಬಟ್ಟೆಯ ಚುಂಗಿನಿಂದ ಒರೆಸಿ ತೆಗೆಯಬೇಕು, ಅಲ್ಲಿ ಹುಟ್ಟುವ ಕೊಳೆತವು ಫೆಲನಾಪ್ಸಿಸ್ಸಿಗೆ ಪ್ರಾಯಶಃ ಮಾರಕ.

ಇಲ್ಲಿ ಗಿಡದ ಒಂದು ವಿಚಿತ್ರವಾದ ದಿನಚರಿಯನ್ನು ಗಮನಿಸಬೇಕು. ಅನ್ಯ ಸಸ್ಯಗಳು ಹಗಲಿನಲ್ಲಿ ತಮ್ಮ ಎಲೆಗಳ ರಂಧ್ರಗಳನ್ನು ತೆರೆದು ಅಂಗಾರಾಮ್ಲವನ್ನು ಒಳಗೆ ಸೆಳೆದರೆ, ಫೆಲನಾಪ್ಸಿಸ್, ವಂಡಾ ಮತ್ತು ಅನೇಕ ಡೆಂಡ್ರೋಬಿಯಂಗಳು ನೀರಿನ ಮಿತವ್ಯಯಕ್ಕಾಗಿ ಆ ರಂಧ್ರಗಳನ್ನು ರಾತ್ರಿಯಲ್ಲಿ ತೆರೆಯುತ್ತವೆ. ಹೀಗಿರುವಲ್ಲಿ ರಾತ್ರಿಯ ಗಾಳಿಯು ಶುಷ್ಕವಾಗಿದ್ದರೆ ಅವು ಕಳೆದುಕೊಳ್ಳುವ ನೀರು ಹೆಚ್ಚಾಗುತ್ತದೆ. ನಮ್ಮ ಮನೆಗಳ ಶಹಾಬಾದ್ ಕಲ್ಲಿನ ನೆಲಕ್ಕೆ ಸಂಜೆಯ ಹೊತ್ತು ನೀರು ಚಿಮುಕಿಸುವ ರೂಢಿಯು ಮನುಷ್ಯರ ತಂಪಿಗಾಗಿ ಬಂದುದಾದರೂ ಆರ್ಕಿಡ್ಡಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ನೆಲವು ಒದ್ದೆಯಿರಲಿ, ಎಲೆಯು ಒಣಗಿರಲಿ. ಎಲೆಯ ಮೇಲೆ ನೀರು ನಿಂತು ಇರುಳು ಕಳೆದರೆ ಬೂಷ್ಟು ಹಿಡಿಯುತ್ತದೆ.

ನೀರಿನ ಗುಣವನ್ನೂ ಪರೀಕ್ಷಿಸಬೇಕು. ನಮ್ಮ ಕೊಳವೆಬಾವಿಗಳ ನೀರು ಹಲವೆಡೆ ಗಡುಸು. ಕೊಡದ ಒಳಮೈಯಲ್ಲಿ ಬಿಳಿಯ ಪದರ ಕಟ್ಟುವ ನೀರು ಆರ್ಕಿಡ್ಡಿನ ಬೇರಿನ ಮೇಲೂ ಅದೇ ಪದರವನ್ನು ಕಟ್ಟಿ, ಹೊಸ ಬೇರಿನ ತುದಿಯನ್ನು ಸುಡುತ್ತದೆ. ಮಳೆಗಾಲದಲ್ಲಿ ಮಾಳಿಗೆಯ ಮೊದಲ ಮಳೆಯ ಕೊಳೆಯು ಹೋದ ತರುವಾಯ ಬೀಳುವ ನೀರನ್ನು ಮುಚ್ಚಿದ ಪಾತ್ರೆಗಳಲ್ಲಿ ಹಿಡಿದಿಟ್ಟರೆ, ಕೆಲವು ಗಿಡಗಳಿಗೆ ಅದು ಬಹುಕಾಲ ಒದಗುತ್ತದೆ. ಐದು ದಿನಗಳ ಉಪವಾಸದ ನಂತರ ಈ ನೀರನ್ನು ಕುಂಡದ ಮೂಲಕ ಧಾರಾಳವಾಗಿ ಹರಿಯಿಸಿ, ಇದ್ದಿಲಿನ ಮೇಲ್ಮೈ ಒಣಗಿ ಬೇರು ಮತ್ತೆ ಬೆಳ್ಳಗಾಗುವವರೆಗೆ ಕಾಯತಕ್ಕದ್ದು. ಮಳೆಯ ಮೋಡವಿದ್ದಾಗ ಅದು ನಾಲ್ಕು ದಿನವಾದೀತು, ಬಿಸಿಗಾಳಿಯಲ್ಲಿ ಒಂದೇ ದಿನವಾದೀತು. ವಾರಕ್ಕೆ ಇಷ್ಟು ಸಲವೆಂಬ ನಿಯಮಕ್ಕಿಂತ ಬೇರಿನ ಬಣ್ಣವೇ ವಿಶ್ವಾಸಾರ್ಹ.

ಬೇರೆಲ್ಲವೂ ಅಳಿದು ಒಂದೆರಡು ತುಂಡುಗಳಷ್ಟೇ ಉಳಿದ ಗಿಡವನ್ನೂ ಕೈಬಿಡಬೇಕಾಗಿಲ್ಲ. ಹಿಂಡಿ ತೆಗೆದ ಸ್ಫ್ಯಾಗ್ನಮ್ ಪಾಚಿಯ ಮೇಲೆ ಬುಡವು ತಾಗಿಯೂ ತಾಗದಂತೆ ಅದನ್ನಿಟ್ಟು, ಪಾರದರ್ಶಕವಾದ ಚೀಲದಲ್ಲೋ ಡಬ್ಬಿಯಲ್ಲೋ ಮುಚ್ಚಿ, ದಿನಕ್ಕೊಮ್ಮೆ ಬಾಯಿ ತೆರೆದು ಹೊಸ ಗಾಳಿಯನ್ನು ಕೊಟ್ಟರೆ, ಆ ಆರ್ದ್ರತೆಯಲ್ಲಿ ಎಲೆಗಳು ಸುಕ್ಕುವುದು ನಿಂತು ಎಷ್ಟೋ ವಾರಗಳ ಮೇಲೆ ಬುಡದಿಂದ ಹೊಸ ಬೇರು ಮೊಳೆಯುವುದುಂಟು. ಚೀಲದ ಮೇಲೆ ಬಿಸಿಲು ಬೀಳಕೂಡದು. ಜೇವರ್ಗಿಯ ಮಧ್ಯಾಹ್ನದಲ್ಲಿ ಅರ್ಧ ಗಂಟೆ ಬಿಸಿಲು ತಾಗಿದರೂ ಒಳಗಿನ ಗಿಡ ಬೆಂದುಹೋದೀತು. ಈ ಅವಧಿಯಲ್ಲಿ ಕೆಳಗಿನ ಒಂದೆರಡು ಎಲೆಗಳು ಹಳದಿಯಾಗಿ ಉದುರಿದರೆ ಗಾಬರಿಯಾಗಬಾರದು. ತನ್ನ ಹಳೆಯ ಎಲೆಯ ಸತ್ತ್ವವನ್ನು ಸೆಳೆದುಕೊಂಡೇ ಗಿಡವು ಹೊಸ ಬೇರನ್ನು ಕಟ್ಟುತ್ತಿರುತ್ತದೆ. ಅವನ್ನು ಕಿತ್ತರೆ ಆ ಬುತ್ತಿಯನ್ನು ಕಸಿದುಕೊಂಡಂತೆ. ಗೊಬ್ಬರವೂ ಬೇಡ. ಹೊಸ ಬೇರು ಎರಡು ಅಂಗುಲವಾದ ಮೇಲೆ, ಡಬ್ಬಿಯ ಮೇಲೆ ಬರೆದ ಪ್ರಮಾಣದ ಕಾಲುಭಾಗವನ್ನು ನೀರಿನಲ್ಲಿ ಕರಗಿಸಿ ವಾರಕ್ಕೊಮ್ಮೆ ಕೊಟ್ಟು, ತಿಂಗಳಿಗೊಮ್ಮೆ ಬರಿಯ ನೀರಿನಿಂದ ಕುಂಡವನ್ನು ತೊಳೆದರೆ ಸಾಕು.

ಪ್ರಸಂಗವಶಾತ್ ಒಂದು ಮಾತು. ಮಲೆನಾಡಿಗೋ ಕೊಡಗಿಗೋ ಪ್ರವಾಸ ಹೋದವರು ಮರದ ಮೇಲಿನ ಸೀತಾಳೆಯನ್ನು ಕಿತ್ತು ತರುವುದನ್ನು ನಾನು ಎಂದೂ ಒಪ್ಪಲಾರೆ. ತೊಗಟೆಗೆ ಅಂಟಿದ ಬೇರುಗಳು ಕೀಳುವಾಗಲೇ ಹರಿದುಹೋಗುವುದರಿಂದ ಅಂತಹ ಗಿಡವು ಚೇತರಿಸಿಕೊಳ್ಳುವುದು ವಿರಳ. ಕಾಡಿನಲ್ಲಿ ಅದರ ಸಂತಾನ ಬೆಳೆಯುವುದೂ ಸುಲಭವಲ್ಲ: ಧೂಳಿನಂತಹ ಅದರ ಬೀಜದಲ್ಲಿ ಆಹಾರಸಂಗ್ರಹವಿಲ್ಲದ ಕಾರಣ ಶಿಲೀಂಧ್ರವೊಂದರ ನೆರವಿಲ್ಲದೆ ಅದು ಮೊಳೆಯುವುದೇ ಇಲ್ಲವೆಂಬುದನ್ನು 1899ರಲ್ಲಿ ಫ್ರಾನ್ಸಿನ ನೊಯೆಲ್ ಬರ್ನಾರ್ಡನು ಕಂಡುಹಿಡಿದನು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ನನು ಸಕ್ಕರೆ ಬೆರೆತ ಮಾಧ್ಯಮದಲ್ಲಿ ಶಿಲೀಂಧ್ರವಿಲ್ಲದೆಯೇ ಬೀಜ ಮೊಳೆಯಿಸಿದುದರಿಂದಲೂ, 1960ರಲ್ಲಿ ಜಾರ್ಜ್ ಮೊರೆಲ್ಲನು ಅಂಗಾಂಶ ಕೃಷಿಯಿಂದ ಸಿಂಬಿಡಿಯಂ ಗಿಡಗಳನ್ನು ಪಡೆದುದರಿಂದಲೂ, ಇಂದು ನರ್ಸರಿಯ ಗಿಡವು ಸಾಮಾನ್ಯರ ಕೈಗೆಟಕುವ ಬೆಲೆಗೆ ಸಿಗುತ್ತಿರುವಾಗ ಕಾಡನ್ನು ಬರಿದುಮಾಡಬೇಕಾದ ಅಗತ್ಯವಾದರೂ ಏನು?

ಚೇತರಿಕೆಯ ಲಕ್ಷಣವನ್ನು ಹೂವಿನಲ್ಲಿ ಹುಡುಕುವುದು ತಪ್ಪು. ಹೊಸ ಬೇರು ಇದ್ದಿಲಿನ ಸಂದಿಗೆ ಇಳಿದು ಕವಲೊಡೆಯಬೇಕು; ಹೊಸದಾಗಿ ಬಂದ ಎಲೆಯು ಹಿಂದಿನ ಎಲೆಯಷ್ಟಾದರೂ ಉದ್ದವಾಗಬೇಕು; ಡೆಂಡ್ರೋಬಿಯಂ ಆದರೆ ಹೊಸ ದಂಟು ಹಳೆಯದರ ಎತ್ತರವನ್ನು ಮುಟ್ಟಬೇಕು. ಇವು ಕಂಡಾಗಲೇ ಗಿಡವು ನೆಲೆಯೂರಿತೆಂದು ಹೇಳಬಹುದು. ಇವೊಂದೂ ಕಾಣದಿದ್ದರೂ ಕೆಲವೊಮ್ಮೆ ಮಾರ್ಗಶಿರದ ತಂಪಿಗೆ ದುರ್ಬಲವಾದ ಫೆಲನಾಪ್ಸಿಸ್ಸೊಂದು ಎಲೆಯ ಕಂಕುಳಿನಿಂದ ಹೂಕಡ್ಡಿಯನ್ನು ಹೊರಡಿಸುತ್ತದೆ. ಒಂದು ವರ್ಷ ಕಾದವರಿಗೆ ಅದನ್ನು ಕಂಡಾಗ ಆಗುವ ಸಂತೋಷವನ್ನು ಬಲ್ಲೆನಾದರೂ, ಎಲೆಗಳು ಮೂರಕ್ಕಿಂತ ಕಡಿಮೆಯಿದ್ದು ಇನ್ನೂ ಮೆತ್ತಗೆಯೇ ಇದ್ದರೆ ಆ ಕಡ್ಡಿಯನ್ನು ಬೆರಳುದ್ದವಾದಾಗಲೇ ಕತ್ತರಿಸಿಬಿಡಬೇಕೆಂದು ನಾನು ಹೇಳುತ್ತೇನೆ. ಹೂವಿಗೆ ಹೋಗಬೇಕಾಗಿದ್ದ ಸತ್ತ್ವವು ಬೇರಿಗೂ ಎಲೆಗೂ ಉಳಿದರೆ, ಮುಂದಿನ ಬೇಸಿಗೆಯನ್ನು ದಾಟುವ ಬಲ ಅದಕ್ಕೆ ಬರುತ್ತದೆ. ಎಲೆಗಳು ನಾಲ್ಕಾರಿದ್ದು, ಬಿಗಿಯಾಗಿ ನಿಂತಿದ್ದರೆ ಮಾತ್ರ ಅದನ್ನು ಅರಳಲು ಬಿಡಬಹುದು. ಆಗಲೂ ಹೋಳಿಹುಣ್ಣಿಮೆಯ ಬಿಸಿಲು ಏರುವ ಮೊದಲೇ ಗಿಡವನ್ನು ಒಳಗಿನ ನೆರಳಿಗೆ ಸರಿಸಿ, ಹೂ ಮುಗಿದೊಡನೆ ಕಡ್ಡಿಯನ್ನು ಬುಡದವರೆಗೆ ತೆಗೆಯಬೇಕು.